ಟ್ರೂಸಮ್ಮನಿಗೆ ಓದಿ ಹೇಳಿದ ವರ್ಷ

ಮೊನ್ನೆ ಹೂಫ್‌ಡಾರ್ಪಿನಲ್ಲಿ ನಮ್ಮ ಆಫೀಸಿನ ಎದುರು ಕೇಬಲ್ ಹಾಕುವುದಕ್ಕೆಂದು ನೆಲ ಅಗೆದಿದ್ದರು. ಬೆಳಿಗ್ಗೆ ಬಸ್ಸಿನಿಂದ ಇಳಿದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಬೇಸಿಗೆಯಲ್ಲಿ ಕೆರೆ ಬತ್ತಿ, ತಳದ ಮಣ್ಣು ಬಿರಿದು, ಅದರ ಮೇಲೆ ನಾಲ್ಕು ಹನಿ ಬಿದ್ದರೆ ಏಳುತ್ತದಲ್ಲ, ಅಂಥದ್ದೇ ವಾಸನೆ. ಬಗ್ಗಿ ನೋಡಿದೆ. ಬೂದು ಬಣ್ಣದ ಜಿಗುಟು ಮಣ್ಣು, ನಡುನಡುವೆ ಬಿಳಿಯ ಚಿಪ್ಪುಗಳು. ಈ ಊರು ನಿಂತಿರುವುದೇ ಒಂದು ಸರೋವರದ ತಳದಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಅಷ್ಟು ದೊಡ್ಡ ಸರೋವರದ ನೀರನ್ನು ಪಂಪು ಹಾಕಿ ಆಚೆ ಚೆಲ್ಲಿ, ತಳದ ಮೇಲೆ ಗೆರೆ ಎಳೆದು ಹಂಚಿಕೊಂಡು, ಹೊಲ ಮಾಡಿ, ಮನೆ ಕಟ್ಟಿ, ಕೊನೆಗೆ ವಿಮಾನ ನಿಲ್ದಾಣವನ್ನೂ ಕಟ್ಟಿಕೊಂಡ ಜನ ಇವರು. ನನ್ನ ಜೊತೆ ಇಳಿದವರೆಲ್ಲ ಮುಖ ಸಿಂಡರಿಸಿಕೊಂಡು ಗುಂಡಿ ದಾಟಿ ಹೋದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ, ಮೀಟಿಂಗಿಗೆ ತಡವಾಯಿತು. ಆ ವಾಸನೆಯೊಳಗೆ ನನ್ನ ಒಂದಿಡೀ ವರ್ಷ ಇದೆ.

ಈ ಡಚ್ಚರ ದೇಶದ ಪೂರ್ವದ ಮೂಲೆಯ ಎನ್ಸ್‌ಕೆಡೆಯಲ್ಲಿ ಭೂಮಾಪನದ ಮಾಸ್ಟರ್ಸ್ ಮುಗಿಸಿದ ನಂತರದ ವರ್ಷ ಅದು. ಇಲ್ಲಿ ಓದು ಮುಗಿಸಿದ ಪರದೇಶದವರಿಗೆ ಸರ್ಕಾರ ಒಂದು ವರ್ಷ ಇರಲು ಬಿಡುತ್ತದೆ. ಅದಕ್ಕೆ ಝೂಕ್‌ಯಾರ್, ಅಂದರೆ ಹುಡುಕುವ ವರ್ಷ, ಎಂದು ಹೆಸರು. ಅಷ್ಟರೊಳಗೆ ಕೆಲಸ ಸಿಕ್ಕಿದರೆ ಉಳಿಯಬಹುದು, ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದವಳು. ದಿನವಿಡೀ ಯಾರೋ ಬರೆದದ್ದರಲ್ಲಿ ತಪ್ಪು ಹುಡುಕಿ ಹುಡುಕಿ ಬೇಜಾರಾಗಿ, ಮನೆಯವರೆಲ್ಲ ಬೇಡವೆಂದರೂ ಬಿಟ್ಟು, ನೆಲ ಅಳೆಯುವುದನ್ನು ಕಲಿಯಲು ಬಂದವಳು. ಬೇಡ ಎನ್ನದವರು ಅಪ್ಪ ಒಬ್ಬರೇ. ಅವರು ನಂಜನಗೂಡು ತಾಲ್ಲೂಕು ಕಚೇರಿಯಲ್ಲಿ ಸರ್ವೆಯರ್ ಆಗಿ ನಿವೃತ್ತರಾದವರು. ನನಗೆ ವಸುಧಾ ಎಂದು ಹೆಸರಿಟ್ಟವರೂ ಅವರೇ, ಸರ್ವೆಯರನಿಗೆ ಬೇರೆ ಹೆಸರು ಹೊಳೆಯಲಿಲ್ಲವಂತೆ. ಕೆಲಸ ಸಿಗದೆ ವಾಪಸು ಹೋದರೆ ಮತ್ತೆ ಅದೇ ಟೆಸ್ಟಿಂಗ್ ಕುರ್ಚಿ ಎಂಬುದು ನನಗೆ ಗೊತ್ತಿತ್ತು. ನೆಲ ಅಳೆಯುವ ಆಸೆಯನ್ನು ಆ ವರ್ಷದೊಳಗೆ ದಡ ಸೇರಿಸಬೇಕಿತ್ತು.

ಹೂಫ್‌ಡಾರ್ಪಿಗೆ ಬಂದದ್ದು ಗೆಳತಿ ಸುಷ್ಮಾಳ ಮಾತು ಕೇಳಿ. ಅವಳೂ ಅವಳ ಗಂಡನೂ ಇಲ್ಲಿನ ಐಟಿ ಕಂಪನಿಗಳಲ್ಲಿದ್ದರು. ಪೂರ್ವದ ಮೂಲೆಯಲ್ಲಿ ಕೂತರೆ ಯಾರೂ ಕರೆಯುವುದಿಲ್ಲ, ಆಫೀಸುಗಳೆಲ್ಲ ಇರುವುದು ಇಲ್ಲೇ ಎಂದಳು. ಆದರೆ ಇಲ್ಲಿ ಮನೆ ಹುಡುಕುವುದೆಂದರೆ ಕೆಲಸ ಹುಡುಕುವುದಕ್ಕಿಂತ ದೊಡ್ಡ ಕೆಲಸ. ಕೊನೆಗೆ ಊರಿನಿಂದ ಬಸ್ಸಿನಲ್ಲಿ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಸಿಕ್ಕಿತು. ಮನೆಯ ಒಡತಿಯ ಹೆಸರು ಟ್ರೂಸ್. ಎಪ್ಪತ್ತು ದಾಟಿದ ಹೆಂಗಸು, ಹಳ್ಳಿಯ ಶಾಲೆಯಲ್ಲಿ ಟೀಚರ್ ಆಗಿದ್ದವರು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗ ದೂರದ ಊರಿನಲ್ಲಿದ್ದ. ಬಾಡಿಗೆ ತೀರಾ ಕಡಿಮೆ, ಆದರೆ ಒಂದು ಷರತ್ತು ಇತ್ತು. ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ಅವರಿಗೆ ಡಚ್ ಭಾಷೆಯಲ್ಲಿ ಓದಿ ಹೇಳಬೇಕು.

ಅವರ ಕಣ್ಣಿಗೆ ಒಂದು ವಿಚಿತ್ರ ಕಾಯಿಲೆ. ನೇರವಾಗಿ ನೋಡಿದ್ದು ಮಾಯವಾಗುತ್ತದೆ, ಓರೆಗಣ್ಣಿಗೆ ಬಿದ್ದದ್ದು ಮಾತ್ರ ಕಾಣುತ್ತದೆ. ಹಾಗಾಗಿ ನನ್ನ ಮುಖ ನೋಡಬೇಕೆಂದರೆ ನನ್ನ ಕಿವಿಯ ಕಡೆ ನೋಡುತ್ತಿದ್ದರು. ಮೊದಲ ವಾರ ನನ್ನ ಓಲೆಯೇ ಅವರಿಗೆ ಇಷ್ಟವಾಗಿದೆ ಎಂದುಕೊಂಡಿದ್ದೆ. ನನ್ನನ್ನು ಟ್ರೂಸ್ ಎಂದು ಕರೆ ಅಂದರು. ಅಷ್ಟು ವಯಸ್ಸಾದವರನ್ನು ಬರೀ ಹೆಸರು ಹಿಡಿದು ಕರೆಯುವುದು ಹೇಗೆ? ಆಂಟಿ ಎಂದರೆ ಅವರಿಗೆ ಸಿಟ್ಟು. ಕೊನೆಗೆ ಏನೂ ಕರೆಯದೆ, ಹತ್ತಿರ ಹೋಗಿ ಕೆಮ್ಮುವುದನ್ನು ಅಭ್ಯಾಸ ಮಾಡಿಕೊಂಡೆ. ನಿನಗೆ ಶೀತವೇ ಬಿಡುವುದಿಲ್ಲವಲ್ಲ ಎಂದು ಅವರು ಶುಂಠಿ ಕಷಾಯ ಮಾಡಿಕೊಟ್ಟದ್ದೂ ಉಂಟು. ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವಾಗ ಮಾತ್ರ ಅವರು ಟ್ರೂಸಮ್ಮ ಆದರು.

ನಾನು ಓದಬೇಕಿದ್ದದ್ದು ಆ ಹಳ್ಳಿಯ ಒಬ್ಬ ಮೋಜಣಿದಾರನ ಬಗ್ಗೆ. ಹೆಸರು ಖೆರಿಟ್. ಸರೋವರ ಬತ್ತಿದ ಮೇಲೆ ಅದರ ತಳವನ್ನು ಅಳೆದವರಲ್ಲಿ ಒಬ್ಬ, ಆಮೇಲೆ ರಾಜಕೀಯಕ್ಕೆ ಇಳಿದವನು. ದೊಡ್ಡ ಊರುಗಳ ಚರಿತ್ರೆಯಲ್ಲಿ ಅವನ ಹೆಸರಿಲ್ಲ. ಟ್ರೂಸಮ್ಮ ಟೀಚರ್ ಆಗಿದ್ದಾಗಿನಿಂದ ಅವನ ಬಗ್ಗೆ ಅಚ್ಚಿನಲ್ಲಿ ಸಿಕ್ಕಿದ್ದನ್ನೆಲ್ಲ ಕೂಡಿಟ್ಟುಕೊಂಡು, ಕಣ್ಣು ಪೂರ್ತಿ ಹೋಗುವುದರೊಳಗೆ ಅವನ ಜೀವನಚರಿತ್ರೆ ಬರೆದು ಮುಗಿಸಬೇಕೆಂದು ಕೂತಿದ್ದರು. ನಾನು ಓದುವುದು, ಅವರು ಕೇಳಿಸಿಕೊಂಡು ಹೇಳುವುದು, ಹೇಳಿದ್ದನ್ನು ನಾನು ಕಂಪ್ಯೂಟರಿನಲ್ಲಿ ಹಾಕುವುದು, ಇದು ನಮ್ಮ ಕ್ರಮ.

ಮೊದಲ ದಿನವೇ ನಗೆಪಾಟಲಾಯಿತು. ಡಚ್ ಅಕ್ಷರಗಳನ್ನು ಉಚ್ಚರಿಸುವ ರೀತಿ ನನಗೆ ಕ್ಲಾಸಿನಲ್ಲಿ ಬಂದಿತ್ತು, ಭಾಷೆ ಬಂದಿರಲಿಲ್ಲ. ನಾನು ಚೂರೂ ತಡವರಿಸದೆ, ಚಿಕ್ಕಂದಿನಲ್ಲಿ ಅಜ್ಜಿಯ ಪಕ್ಕ ಕೂತು ಸ್ತೋತ್ರ ಹೇಳುತ್ತಿದ್ದ ಹಾಗೆ, ಎರಡು ಪುಟ ಗಡಗಡ ಓದಿ ಮುಗಿಸಿದೆ. ಟ್ರೂಸಮ್ಮನಿಗೆ ಬಹಳ ಖುಷಿಯಾಗಿ, ಈಗ ಹೇಳು, ಅವನ ತಾಯಿ ಯಾಕೆ ಹಾಗೆ ಮಾಡಿದಳು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಾರ ತಾಯಿ ಎಂದೆ ನಾನು. ಅವರು ಕಾಫಿ ಲೋಟ ಕೆಳಗಿಟ್ಟರು. ಅರ್ಥ ಗೊತ್ತಿಲ್ಲದೆ ಅಷ್ಟು ಚೆನ್ನಾಗಿ ಹೇಗೆ ಓದಿದೆ ಎಂದು ಕೇಳಿದರು. ನಮ್ಮಲ್ಲಿ ಸಂಸ್ಕೃತವನ್ನು ಹಾಗೇ ಹೇಳುತ್ತೇವೆ, ದೇವರಿಗೆ ಅರ್ಥವಾದರೆ ಸಾಕು ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಕಿವಿಯನ್ನೇ ನೋಡಿದರು. ಆಮೇಲೆ, ನಾನು ದೇವರಲ್ಲ, ಪ್ರತಿ ಪುಟ ಆದಮೇಲೆ ಅದರಲ್ಲಿ ಏನಿತ್ತು ಎಂದು ನೀನು ನಿನ್ನ ಮಾತಿನಲ್ಲಿ ಹೇಳಬೇಕು, ತಪ್ಪಾದರೂ ಸರಿ, ಡಚ್ಚಿನಲ್ಲೇ ಹೇಳಬೇಕು ಎಂದು ತೀರ್ಮಾನ ಕೊಟ್ಟರು. ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ?

ಅದು ಶರತ್ಕಾಲ. ಹೊಲಗಳಲ್ಲಿ ಸಕ್ಕರೆ ಬೀಟ್ ಕಿತ್ತು ರಸ್ತೆಯ ಪಕ್ಕ ಮನೆಯೆತ್ತರ ರಾಶಿ ಹಾಕುತ್ತಿದ್ದರು. ಟ್ರ್ಯಾಕ್ಟರ್ ಚಕ್ರದ ಮಣ್ಣು ರಸ್ತೆಯ ಮೇಲೆಲ್ಲ ಬಿದ್ದು, ಮಳೆಗೆ ಕಲಸಿ, ಊರಿಗೆ ಊರೇ ಆ ತಳದ ವಾಸನೆ ಹೊಡೆಯುತ್ತಿತ್ತು. ನಾನು ಮಧ್ಯಾಹ್ನವೆಲ್ಲ ಕೆಲಸಕ್ಕೆ ಅರ್ಜಿ ಹಾಕುವುದು, ಬೆಳಿಗ್ಗೆಯೆಲ್ಲ ಖೆರಿಟ್‌ನ ಹಿಂದೆ ಕೆಸರಿನಲ್ಲಿ ನಡೆಯುವುದು. ಅರ್ಜಿಗಳಿಗೆ ಬರುತ್ತಿದ್ದ ಉತ್ತರಗಳಲ್ಲಿ ಹೇಲಾಸ್ ಎಂಬ ಪದ ತಪ್ಪದೆ ಇರುತ್ತಿತ್ತು. ದುರದೃಷ್ಟವಶಾತ್ ಎಂದು ಅರ್ಥ. ಆಮೇಲಾಮೇಲೆ ಮೇಲ್ ತೆರೆದು ಪೂರ್ತಿ ಓದುವ ಗೋಜನ್ನೇ ಬಿಟ್ಟೆ. ಹೇಲಾಸ್ ಎಲ್ಲಿದೆ ಎಂದು ಕಣ್ಣಾಡಿಸಿ, ಕಂಡರೆ ಮುಚ್ಚಿಬಿಡುವುದು.

ಖೆರಿಟ್ ಸರೋವರದ ದಡದ ಮೀನುಗಾರರ ಮನೆಯವನು. ಗಾಳಿ ಜೋರಾದಾಗಲೆಲ್ಲ ಸರೋವರ ದಡವನ್ನು ತಿನ್ನುತ್ತಿತ್ತು. ಒಂದು ಚಳಿಗಾಲ ಅವರ ಮನೆಯ ಹಿತ್ತಲು ನೀರಿಗೆ ಹೋದ ಮೇಲೆ ತಾಯಿ ಅವನ ಕೈಯಿಂದ ಬಲೆ ಕಿತ್ತುಕೊಂಡು ಲೆಕ್ಕ ಕಲಿಯಲು ಅಟ್ಟಿದಳಂತೆ. ನಾನು ಮೊದಲ ದಿನ ಗಡಗಡ ಓದಿದ್ದು ಇದನ್ನೇ. ಅವನು ಅಳತೆಯ ಕೆಲಸಕ್ಕೆ ಸೇರಿದ ಕಾಲಕ್ಕೆ ಸರೋವರ ಬರಿದಾಗುತ್ತಿತ್ತು. ತಂದೆ ದೋಣಿ ನಡೆಸಿದ್ದ ಜಾಗದಲ್ಲಿ ಮಗ ಕಾಲಿಗೆ ಹಲಗೆ ಕಟ್ಟಿಕೊಂಡು, ಅಳತೆಯ ಸರಪಳಿ ಎಳೆಸಿಕೊಂಡು, ಕೆಸರಿನ ಮೇಲೆ ಗೂಟ ಹೊಡೆಯುತ್ತಾ ಹೋದ. ಇವತ್ತು ವಿಮಾನದಿಂದ ಇಳಿಯುವಾಗ ಕೆಳಗೆ ಸ್ಕೇಲು ಇಟ್ಟು ಎಳೆದಂತೆ ಕಾಣುವ ಹೊಲ, ಕಾಲುವೆ, ರಸ್ತೆಗಳಲ್ಲಿ ಎಷ್ಟೋ ಅವನ ಗೆರೆಗಳು. ಗೆರೆ ಹಾಕಿದ ನೆಲವನ್ನು ಪಟ್ಟಣದ ಸಿರಿವಂತರು ಕಣ್ಣಿಂದ ನೋಡದೆಯೇ ಹರಾಜಿನಲ್ಲಿ ಕೊಂಡರು. ಕಾಲುವೆ ಅಗೆದ ಕೂಲಿಯವರು ಅದೇ ಕೆಸರಿನಲ್ಲಿ ಜೊಂಡಿನ ಗುಡಿಸಲು ಹಾಕಿಕೊಂಡು, ಹಳ್ಳದ ನೀರು ಕುಡಿದು ಜ್ವರದಲ್ಲಿ ನರಳುತ್ತಿದ್ದರು. ಖೆರಿಟ್‌ನ ಗೆರೆ ಬಂದ ಕಡೆಯಲ್ಲೆಲ್ಲ ಅವರು ಗುಡಿಸಲು ಕಿತ್ತುಕೊಂಡು ಏಳಬೇಕಿತ್ತು.

ಇದನ್ನೆಲ್ಲ ನಾನು ವಾರಕ್ಕೊಮ್ಮೆ ಅಪ್ಪನಿಗೆ ಫೋನಿನಲ್ಲಿ ವರದಿ ಮಾಡುತ್ತಿದ್ದೆ. ನನ್ನ ಕೆಲಸದ ಸುದ್ದಿ ಕೇಳಲು ಅವರಿಗೂ ಅಳುಕು, ಹೇಳಲು ನನಗೂ ಅಳುಕು. ಖೆರಿಟ್ ಇದ್ದದ್ದು ಇಬ್ಬರಿಗೂ ಒಳ್ಳೆಯದಾಯಿತು. ನಿನ್ನ ಮೋಜಣಿದಾರ ಎಲ್ಲಿಗೆ ಬಂದ ಎಂದೇ ಅವರು ಮಾತು ಶುರು ಮಾಡುತ್ತಿದ್ದರು. ಅವನು ಮುಂದೆ ಎಲೆಕ್ಷನ್ನಿಗೆ ನಿಂತ ಎಂದಾಗ ಅವರಿಗೆ ನಗು ತಡೆಯಲಾಗಲಿಲ್ಲ.

"ಸರ್ವೆಯರ್ ಎಲೆಕ್ಷನ್ನಿಗೆ ನಿಂತರೆ ಠೇವಣಿ ಹೋಗೋದು ಗ್ಯಾರಂಟಿ ಕಣಮ್ಮ. ಅಳತೆ ಮಾಡಿದವನ ಮೇಲೆ ಅರ್ಧ ಊರಿಗೆ ಸಿಟ್ಟಿರತ್ತೆ. ಎಲ್ಲರಿಗೂ ತಮ್ಮ ಹೊಲದಲ್ಲಿ ಒಂದು ಗುಂಟೆ ಕಮ್ಮಿ ಬಂದಿದೆ ಅಂತಾನೇ ಅನ್ಸೋದು."

ಚಳಿಗಾಲವಿಡೀ ಹೀಗೇ ನಡೆಯಿತು. ಗಾಳಿ ಎಂದರೆ ಎಂಥ ಗಾಳಿ, ಬಸ್ ನಿಲ್ದಾಣದಲ್ಲಿ ಕಂಬ ಹಿಡಿದುಕೊಂಡು ನಿಲ್ಲಬೇಕು. ಬೆಳಕು ಬರುವ ಹೊತ್ತಿಗೆ ಹೋಗುವ ಹೊತ್ತು ಬಂದಿರುತ್ತಿತ್ತು. ನನ್ನ ಡಚ್ ಬೆಳೆಯಿತು, ಆದರೆ ಒಂದು ಕಡೆಗೆ ಮಾತ್ರ. ಕೆಸರಿನ ಬಗೆಗಳು, ಏರಿ, ತೂಬು, ಸರಪಳಿ, ಜ್ವರ, ಹರಾಜು ಇವಕ್ಕೆಲ್ಲ ನನ್ನಲ್ಲಿ ಪದಗಳಿದ್ದವು. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೇಳಲು ಇರಲಿಲ್ಲ. ಒಮ್ಮೆ ಅಂಗಡಿಯ ಹುಡುಗಿಯನ್ನು ಖೆರಿಟ್‌ನ ಕಾಲದವರು ಒಡೆಯರನ್ನು ಸಂಬೋಧಿಸುತ್ತಿದ್ದ ಧಾಟಿಯಲ್ಲಿ ಮಾತಾಡಿಸಿದೆ. ಅವಳು ಒಳಗೆ ಹೋಗಿ ಇನ್ನೊಬ್ಬಳನ್ನು ಕರೆದುಕೊಂಡು ಬಂದು, ಇನ್ನೊಂದು ಸಲ ಹೇಳಿ ಎಂದಳು. ಸುಷ್ಮಾಳ ಮನೆಗೆ ಶನಿವಾರ ಊಟಕ್ಕೆ ಹೋದಾಗ ಇದನ್ನೆಲ್ಲ ಹೇಳಿದರೆ ಅವಳಿಗೆ ನಗುವುದೋ ಬೈಯುವುದೋ ತಿಳಿಯುತ್ತಿರಲಿಲ್ಲ.

"ನೋಡೇ, ನೀನು ಸುಮ್ನೆ ಪ್ರೊಫೈಲ್‌ನಲ್ಲಿ ಡೇಟಾ ಅನಲಿಸ್ಟ್ ಅಂತ ಹಾಕ್ಬಿಡು," ಎಂದಳು ಒಂದು ದಿನ, ಸಾರು ಬಡಿಸುತ್ತಾ. "ಮ್ಯಾಪು ಗೀಪು ಅಂದ್ರೆ ಯಾರೂ ಶಾರ್ಟ್‌ಲಿಸ್ಟ್ ಮಾಡಲ್ಲ. ಆ ಅಜ್ಜಿಗೆ ಓದ್ತಾ ಕೂತ್ರೆ ನಿನ್ನ ವರ್ಷ ಮುಗ್ದೇ ಹೋಗತ್ತೆ."

ಅವಳು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಅವಳ ಮಾತಿನಂತೆ ಹಾಕಿಯೂ ಹಾಕಿದೆ. ಅದಕ್ಕೂ ಹೇಲಾಸ್ ಬಂತು.

ವಸಂತ ಬಂದಾಗ ಆ ಕಾಲುವೆಯ ಪ್ರಕರಣ ಎದ್ದಿತು. ಟ್ರೂಸಮ್ಮನ ಮನೆಯ ಹಿಂದೆ ಹೊಲಗಳ ನಡುವೆ ಒಂದು ಕಾಲುವೆ ಇದೆ. ಎಲ್ಲ ಕಾಲುವೆಗಳೂ ದಾರ ಬಿಗಿದಂತೆ ನೇರವಾಗಿರುವ ಆ ಊರಿನಲ್ಲಿ ಅದೊಂದು ಮಾತ್ರ ಒಂದು ಕಡೆ ಸೊಂಟ ವಾಲಿಸಿ, ಮತ್ತೆ ನೆಟ್ಟಗಾಗಿ ಮುಂದೆ ಹೋಗುತ್ತದೆ. ಅದನ್ನು ಅಳೆದವನು ಖೆರಿಟ್. ಅವತ್ತು ಅವನು ಕುಡಿದಿದ್ದ ಎಂದು ಹಳ್ಳಿಯವರು ತಮಾಷೆ ಮಾಡುತ್ತಾರೆ. ಟ್ರೂಸಮ್ಮನ ಮನೆಯಲ್ಲಿ ಮಾತ್ರ ಬೇರೆ ಕಥೆ. ಅವರ ಮುತ್ತಜ್ಜಿ ಕೂಲಿಯವರ ಮಗು. ಗೆರೆ ಗುಡಿಸಲಿಗೆ ಬಂದ ದಿನ ಆ ಮಗು ಜ್ವರದಲ್ಲಿ ಮಲಗಿತ್ತು, ತಾಯಿ ಬಾಗಿಲಲ್ಲಿ ನಿಂತು ಏಳುವುದಿಲ್ಲ ಎಂದಳು, ಖೆರಿಟ್ ಗೂಟ ಕಿತ್ತು ಪಕ್ಕಕ್ಕೆ ಹೊಡೆದು ಗೆರೆಯನ್ನೇ ಬಗ್ಗಿಸಿದ. ಮುತ್ತಜ್ಜಿ ಇದನ್ನು ಅಜ್ಜಿಗೆ ಹೇಳಿದ್ದಳು, ಅಜ್ಜಿ ಇವರಿಗೆ. ಟ್ರೂಸಮ್ಮ ಅವನ ಜೀವನಚರಿತ್ರೆ ಬರೆಯಲು ಹೊರಟದ್ದೇ ಆ ತಿರುವಿನಿಂದ.

ಸರ್ವೆಯರ್ ಆದವನು ಹೀಗೆ ಗೆರೆ ಬಗ್ಗಿಸುವುದುಂಟೇ ಎಂದು ಅಪ್ಪನನ್ನು ಕೇಳಿದೆ. ಅವರು, ಮಾಡಿದ್ದರೂ ಮಾಡಿರಬಹುದು, ನಾನೇ ಒಂದು ಸಲ ಒಂದು ಹುಣಸೆಮರಕ್ಕೋಸ್ಕರ ಹಾಗೆ ಮಾಡಬೇಕೆಂದುಕೊಂಡು ಧೈರ್ಯ ಸಾಲದೆ ಬಿಟ್ಟೆ ಎಂದರು. ಆದರೆ ನಾನು ಕಲಿತದ್ದು ನೆಲದ ಅಳತೆಯನ್ನೇ ತಾನೇ. ಈ ದೇಶದಲ್ಲಿ ನೆಲದ ಎತ್ತರ ತಗ್ಗುಗಳ ಅಳತೆ ಯಾರು ಬೇಕಾದರೂ ನೋಡಬಹುದಾದ ಹಾಗೆ ಇದೆ. ಒಂದು ಮಧ್ಯಾಹ್ನ ಅರ್ಜಿ ಹಾಕುವುದು ಬಿಟ್ಟು ಆ ಹೊಲದ ಲೆಕ್ಕವನ್ನು ತೆಗೆದು ಕಂಪ್ಯೂಟರಿನಲ್ಲಿ ಎತ್ತರಕ್ಕೆ ತಕ್ಕಂತೆ ಬಣ್ಣ ಹಾಕಿದೆ. ತಿರುವು ಇರುವ ಜಾಗದಲ್ಲೇ, ಕಾಲುವೆ ನೇರವಾಗಿ ಹೋಗಬೇಕಿದ್ದ ದಾರಿಯಲ್ಲಿ, ಹಾವಿನಂತೆ ಹರಿದ ಒಂದು ತಗ್ಗು ಕಂಡಿತು. ಸರೋವರ ಹುಟ್ಟುವುದಕ್ಕೂ ಮುಂಚಿನ ಯಾವುದೋ ಹಳ್ಳ. ಕೊಳೆತ ಗಿಡಗಂಟಿ ತುಂಬಿಕೊಂಡ ಮೆತ್ತನೆಯ ನೆಲ, ಇವತ್ತಿಗೂ ನಿಧಾನವಾಗಿ ಕುಸಿಯುತ್ತಲೇ ಇದೆ. ಅಲ್ಲಿ ಕಾಲುವೆ ತೋಡಿದ್ದರೆ ಅಂಚು ನಿಲ್ಲುತ್ತಿರಲಿಲ್ಲ. ಯಾವ ಸರ್ವೆಯರ್ ಆದರೂ ಸುತ್ತು ಹಾಕಿಯೇ ಹೋಗುತ್ತಿದ್ದ.

ಹೇಳಬೇಕೋ ಬೇಡವೋ ಎಂದು ತಳಮಳವಾಯಿತು. ಹೇಳಿದರೆ ಟ್ರೂಸಮ್ಮ ಸಿಟ್ಟಾಗಿ ಕೋಣೆ ಬಿಡು ಎನ್ನಬಹುದು. ಇನ್ನೊಂದು ಕೋಣೆ ಹುಡುಕುವಷ್ಟರಲ್ಲಿ ನನ್ನ ವರ್ಷ ಮುಗಿದೇ ಹೋಗುತ್ತದೆ. ಹೇಳದಿದ್ದರೆ ಆ ಕಥೆಯನ್ನು ನಾನೇ ಟೈಪ್ ಮಾಡಬೇಕು. ಕೊನೆಗೆ ಹೇಳುವುದೆಂದೇ ತೀರ್ಮಾನಿಸಿದೆ. ಆದರೆ ಪರದೆಯ ಮೇಲಿನ ಬಣ್ಣ ಅವರಿಗೆ ಕಾಣುವುದಿಲ್ಲ. ಅಡುಗೆಮನೆಗೆ ಹೋಗಿ ಚಪಾತಿ ಹಿಟ್ಟು ಕಲಸಿದೆ. ದೊಡ್ಡ ತಟ್ಟೆಯಲ್ಲಿ ಹಿಟ್ಟನ್ನು ಹೊಲದಂತೆ ಹರಡಿ, ಎತ್ತರ ಇದ್ದಲ್ಲಿ ದಪ್ಪ ಮಾಡಿ, ತಗ್ಗು ಇದ್ದಲ್ಲಿ ಬೆರಳಿನಿಂದ ಒತ್ತಿ, ಕಾಲುವೆಗೆ ಎಣ್ಣೆ ಹಚ್ಚಿದ ದಾರ ಇಟ್ಟೆ. ಬೆಳಿಗ್ಗೆ ಕಾಫಿಯಾದ ಮೇಲೆ ತಟ್ಟೆಯನ್ನು ಮುಂದಿಟ್ಟು, ಅವರ ಬೆರಳು ಹಿಡಿದು ದಾರದ ಮೇಲೆ ಇಟ್ಟೆ.

ಬೆರಳು ದಾರ ಹಿಡಿದು ನೇರವಾಗಿ ಹೋಯಿತು, ತಿರುವಿನಲ್ಲಿ ತಿರುಗಿತು, ನಿಂತಿತು. ಪಕ್ಕಕ್ಕೆ ಸರಿದು ತಗ್ಗಿಗೆ ಇಳಿಯಿತು. ತಗ್ಗಿನ ಉದ್ದಕ್ಕೂ ಆ ತುದಿಯಿಂದ ಈ ತುದಿಗೆ ಹೋಗಿ ಬಂತು. ಆ ನೆಲದಲ್ಲಿ ಹುಟ್ಟಿ ಬೆಳೆದವರಿಗೆ ವಿವರಿಸುವುದು ಏನಿರುತ್ತದೆ? ಅವರು ಎದ್ದು ಕೈ ತೊಳೆದುಕೊಂಡು ತೋಟಕ್ಕೆ ಹೋಗಿ ಕಳೆ ಕೀಳತೊಡಗಿದರು. ಆ ದಿನ ಓದು ಇಲ್ಲ, ಮಾರನೆಯ ದಿನವೂ ಇಲ್ಲ. ನಾನು ಹಿಟ್ಟನ್ನು ಎಸೆಯಲು ಮನಸ್ಸು ಬಾರದೆ ಫ್ರಿಜ್ಜಿನಲ್ಲಿಟ್ಟು, ಮೇಲೆ ಕೋಣೆಯಲ್ಲಿ ಸೂಟ್‌ಕೇಸಿನ ಕಡೆ ನೋಡುತ್ತಾ ಕೂತೆ.

ಮೂರನೆಯ ಬೆಳಿಗ್ಗೆ ಅವರೇ ಕೂಗಿದರು. ಹೋದರೆ, ಎಂದಿನ ಕುರ್ಚಿಯಲ್ಲಿ ಕೂತಿದ್ದರು. ಆ ಹೊತ್ತಿಗೆ ನಾವು ಡಚ್ಚಿನಲ್ಲೇ ಮಾತಾಡುತ್ತಿದ್ದೆವು. ಅವರು ಹೇಳಿದ್ದು ನನ್ನ ಕಿವಿಯಲ್ಲಿ ಮಾತ್ರ ಕನ್ನಡದಲ್ಲೇ ಉಳಿದಿದೆ.

"ಅವನು ನಮ್ಮ ಗುಡಿಸಲಿಗೋಸ್ಕರ ಗೆರೆ ಬಗ್ಗಿಸಲಿಲ್ಲ. ಸರಿ, ಹಾಗೇ ಬರಿ," ಎಂದರು. "ಕೆಸರಿಗೆ ಬಗ್ಗಿದ ಗೆರೆ ಜನಕ್ಕೆ ಬಗ್ಗಲಿಲ್ಲ ಅಂತ ಅವನಿಗೇ ಅನ್ನಿಸಿರಬೇಕು. ಇಲ್ಲದಿದ್ದರೆ ಅಂಥ ಒಳ್ಳೇ ಕೆಲಸ ಬಿಟ್ಟು ಎಲೆಕ್ಷನ್ನಿಗೆ ಯಾಕೆ ನಿಲ್ತಿದ್ದ?" ನಾನು ಟೈಪ್ ಮಾಡತೊಡಗಿದೆ. ಅವರು ಕೈ ಎತ್ತಿ ತಡೆದರು. "ಅನ್ನಿಸಿರಬೇಕು ಅಂತಲೇ ಹಾಕು. ಅನ್ನಿಸಿತು ಅಂತ ಹಾಕಬೇಡ. ಅದು ನಮಗೆ ಗೊತ್ತಿಲ್ಲ."

ಹೊಟ್ಟೆಯಲ್ಲಿ ಹುಟ್ಟಿದ ಮಗುವಿನಂತೆ ಸಾಕಿಕೊಂಡು ಬಂದ ಕಥೆಯನ್ನು ಎರಡು ದಿನ ಕಳೆ ಕಿತ್ತು ಬಿಟ್ಟುಕೊಟ್ಟ ಆ ಹೆಂಗಸಿನ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಹಾಗೇ ಇದೆ.

ಅಲ್ಲಿಂದ ಮುಂದಿನ ಅಧ್ಯಾಯಗಳು ಖೆರಿಟ್‌ನ ರಾಜಕೀಯದವು. ಆಗ ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ ಮತ ಇದ್ದದ್ದು. ಅಂದರೆ ಅವನಿಗೆ ಮತ ಹಾಕಬೇಕಾದವರು ಹೊಲದ ಒಡೆಯರು, ಅವನು ಮಾತಾಡುತ್ತಿದ್ದದ್ದು ಕೂಲಿಯವರ ಪರ. ಅಪ್ಪ ಹೇಳಿದಂತೆಯೇ ಮೊದಲ ಸಲ ಸೋತ. ಎರಡನೆಯ ಸಲ ಹೇಗೋ ಗೆದ್ದು ಊರ ಸಭೆಯಲ್ಲಿ ಕೂತ. ಕೂತವನು ವರ್ಷಗಟ್ಟಲೆ ಒಂದೇ ವಿಷಯ ಹಿಡಿದ, ಕುಡಿಯುವ ನೀರು. ಸುತ್ತಲೂ ನೀರು, ಕಾಲುವೆಗಳ ತುಂಬ ನೀರು, ಆದರೆ ಬಾಯಿಗೆ ಹಾಕುವಂಥದ್ದು ಒಂದು ಹನಿ ಇಲ್ಲ. ಒಡೆಯರ ಮನೆಗಳಿಗೆ ಮಳೆನೀರಿನ ತೊಟ್ಟಿ ಇತ್ತು, ಕೂಲಿಯವರ ಸಾಲುಮನೆಗಳಿಗೆ ಇರಲಿಲ್ಲ. ತೊಟ್ಟಿ ಕಟ್ಟಿಸಿ ಎಂದು ಅವನು ಎದ್ದು ನಿಂತರೆ ಉಳಿದವರು ಮನೆಗೆ ಹೊರಡಲು ಟೋಪಿ ಹುಡುಕುತ್ತಿದ್ದರಂತೆ. ಒಂದು ದಿನ ಅವನು ಸಭೆಗೆ ತನ್ನ ಹಳೆಯ ಸರಪಳಿ ಹಿಡಿದುಕೊಂಡು ಬಂದ. ಎಲ್ಲರನ್ನೂ ಹೊರಡಿಸಿ, ಸಾಲುಮನೆಗಳಿಂದ ಒಳ್ಳೆಯ ನೀರು ಸಿಗುವ ಜಾಗದವರೆಗೆ ದಾರಿಯನ್ನು ಅವರ ಕಣ್ಣೆದುರೇ ಅಳೆದ. ಪ್ರತಿ ಸರಪಳಿಗೂ ನಿಂತು ಲೆಕ್ಕವನ್ನು ಗಟ್ಟಿಯಾಗಿ ಕೂಗಿದ. ವಾಪಸು ಬರುವಾಗ ಒಬ್ಬೊಬ್ಬರ ಕೈಗೂ ತುಂಬಿದ ಬಕೆಟ್ ಕೊಟ್ಟ. ಮಳೆ ಬೇರೆ ಹಿಡಿದಿತ್ತು. ಅರ್ಧ ದಾರಿಯಲ್ಲಿ ಒಬ್ಬ ಒಡೆಯ ಬಕೆಟ್ ಕೆಳಗಿಟ್ಟು, ತೊಟ್ಟಿ ಕಟ್ಟಿಸೋಣ ಮಾರಾಯ ಎಂದನಂತೆ.

ತೊಟ್ಟಿ ಬಂತು. ಮುಂದಿನ ಎಲೆಕ್ಷನ್ನಿನಲ್ಲಿ ಖೆರಿಟ್ ಸೋತ. ಬಕೆಟ್ ಹೊತ್ತವರು ಮರೆಯಲಿಲ್ಲ ನೋಡಿ. ಆಮೇಲೆ ಅವನು ಒಂದು ತುಂಡು ನೆಲ ಗೇಣಿಗೆ ಹಿಡಿದು ಆಲೂಗಡ್ಡೆ ಬೆಳೆದುಕೊಂಡು, ಸಾಯುವವರೆಗೂ ಯಾರ ಜಗಳಕ್ಕೂ ಅಳತೆ ಮಾಡಿಕೊಡಲು ಹೋಗಲಿಲ್ಲ. ಟ್ರೂಸಮ್ಮನ ಮುತ್ತಜ್ಜಿ ಆ ತೊಟ್ಟಿಯ ನೀರು ಕುಡಿದು ಬದುಕಿದವಳು. ಇದು ಮನೆಯ ಕಥೆಯಲ್ಲ, ಊರಿನವರಿಗೆಲ್ಲ ಗೊತ್ತಿದ್ದ ಸಂಗತಿ. ನಮಗೆ ಇಷ್ಟು ಸಾಕು ಎಂದರು ಟ್ರೂಸಮ್ಮ. ಅಪ್ಪನಿಗೂ ಇದನ್ನು ಹೇಳಿದೆ. ನಿಮ್ಮ ಅಮ್ಮನಿಗೂ ಇದನ್ನು ಹೇಳು ಎಂದು ಫೋನನ್ನು ಅವರ ಕೈಗೆ ಕೊಟ್ಟರು.

ಬೇಸಿಗೆ ಬಂದು ಹೋಯಿತು. ಇಲ್ಲಿನ ಬೇಸಿಗೆಯ ಸಂಜೆಗಳು ಮುಗಿಯುವುದೇ ಇಲ್ಲ, ಊಟ ಮಾಡಿ ಪಾತ್ರೆ ತೊಳೆದರೂ ಹೊರಗೆ ಬಿಸಿಲು. ಹಳ್ಳಿಯವರು ಕುರ್ಚಿ ಹೊರಗೆ ಹಾಕಿಕೊಂಡು ಕೂತರೆ ನನಗೆ ಆ ಬೆಳಕೇ ಭಾರವಾಗುತ್ತಿತ್ತು. ಇನ್ನೊಂದು ದಿನ ಕಳೆಯಿತು ಎಂದು ತಿಳಿಯಬೇಕಾದರೂ ಕತ್ತಲಾಗಬೇಕಲ್ಲ. ವರ್ಷ ತುದಿಗೆ ಬಂದಿತ್ತು. ಅಮ್ಮ ನನ್ನ ಹಳೆಯ ಕಂಪನಿಯಲ್ಲಿ ಈಗ ಯಾರಿದ್ದಾರೆ ಎಂದು ಮೆಲ್ಲಗೆ ವಿಚಾರಿಸತೊಡಗಿದ್ದರು. ಸುಷ್ಮಾ ಬೈಯುವುದನ್ನು ನಿಲ್ಲಿಸಿ ಡಬ್ಬಿ ತುಂಬ ತಿಂಡಿ ಕಟ್ಟಿಕೊಡತೊಡಗಿದಳು. ಅವಳು ಬೈಯದಿದ್ದಾಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು.

ಆಗ ಹೂಫ್‌ಡಾರ್ಪಿನ ಒಂದು ಸಣ್ಣ ಸಂಸ್ಥೆಯಿಂದ ಕರೆ ಬಂತು. ರಸ್ತೆ, ರೈಲು ಹಳಿಗಳ ಕೆಳಗೆ ನೆಲ ಎಷ್ಟು ಕುಸಿಯುತ್ತಿದೆ ಎಂದು ಅಳೆಯುವವರು. ಒಳಗೆ ಒಬ್ಬ ಹೆಂಗಸು, ಒಬ್ಬ ವಯಸ್ಸಾದ ಗಂಡಸು ಕೂತಿದ್ದರು. ಶುರುವಾದದ್ದು ಇಂಗ್ಲಿಷಿನಲ್ಲಿ. ಸಾಫ್ಟ್‌ವೇರು, ಡಿಗ್ರಿ ಎಲ್ಲ ಕೇಳಿದ ಮೇಲೆ ಆ ಗಂಡಸು, ನಮ್ಮ ಕೆಲಸದಲ್ಲಿ ರೈತರ ಹೊಲಕ್ಕೆ ಹೋಗಿ ಮಾತಾಡಬೇಕಾಗುತ್ತದೆ ಎನ್ನುತ್ತಾ ಸುಮ್ಮನೆ ಡಚ್ಚಿಗೆ ತಿರುಗಿದರು. ಈ ಒಂದು ವರ್ಷ ಏನು ಮಾಡಿದಿರಿ ಎಂದು ಕೇಳಿದರು.

ಹೇಳಲು ನನ್ನ ಬಳಿ ಬೇರೆ ಇನ್ನೇನಿತ್ತು? ಟ್ರೂಸಮ್ಮ, ಖೆರಿಟ್, ಕಾಲುವೆಯ ತಿರುವು, ಚಪಾತಿ ಹಿಟ್ಟು ಎಲ್ಲವನ್ನೂ ಹೇಳಿದೆ. ದಿನಾ ಪುಟ ಮುಗಿದ ಮೇಲೆ ನನ್ನ ಮಾತಿನಲ್ಲಿ ಹೇಳಿ ಹೇಳಿ ಅಭ್ಯಾಸವಾಗಿತ್ತು, ತಪ್ಪಾದರೂ ನಿಲ್ಲಲಿಲ್ಲ. ಎರಡು ಮೂರು ಸಲ ಅವರಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಒಂದು ಬಗೆಯ ಕೆಸರಿಗೆ ನಾನು ಹೇಳಿದ ಪದವನ್ನು ತಮ್ಮ ಅಜ್ಜನ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಲ್ಲ ಎಂದರು ಆ ಗಂಡಸು. ಆ ಹೆಂಗಸು ಹಿಟ್ಟಿಗೆ ಎಷ್ಟು ನೀರು ಹಾಕಿದಿರಿ, ಬಿರುಕು ಬಿಡಲಿಲ್ಲವೇ ಎಂದು ಬಹಳ ಗಂಭೀರವಾಗಿ ಕೇಳಿದಳು. ಸ್ವಲ್ಪ ಎಣ್ಣೆ ಹಾಕಿ ನಾದಬೇಕು ಎಂದೆ. ಆ ವಾರದ ಕೊನೆಗೆ ಮೇಲ್ ಬಂತು. ಅಭ್ಯಾಸದಂತೆ ಹೇಲಾಸ್ ಹುಡುಕಿದೆ. ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ಹುಡುಕಿದೆ. ಇರಲಿಲ್ಲ.

ಅಪ್ಪನಿಗೆ ಫೋನು ಮಾಡಿ ಅತ್ತು, ಸುಷ್ಮಾಳಿಗೆ ಫೋನು ಮಾಡಿ ಅವಳು ಕಿರುಚಿದ್ದನ್ನು ಕೇಳಿಸಿಕೊಂಡು, ಕೆಳಗೆ ಇಳಿದು ಬಂದೆ. ಟ್ರೂಸಮ್ಮ ಸುದ್ದಿ ಕೇಳಿ ಎದ್ದು ನಿಂತು, ಇಲ್ಲಿನವರು ಮಾಡುವಂತೆ ಕೆನ್ನೆಗೆ ಕೆನ್ನೆ ತಾಗಿಸಿ ಅಭಿನಂದಿಸಿದರು. ನನಗೆ ಸಂತೋಷದ ಜೊತೆಯಲ್ಲೇ ಒಂದು ಕಸಿವಿಸಿ. ಖೆರಿಟ್‌ನ ಕೊನೆಯ ಅಧ್ಯಾಯ ಇನ್ನೂ ಬಾಕಿ ಇತ್ತು. ಇನ್ನು ಮೇಲೆ ಬೆಳಿಗ್ಗೆ ಆಫೀಸು, ಶನಿವಾರ ಮಾತ್ರ ಓದಲಾಗುತ್ತದೆ, ಉಳಿದ ದಿನ ನಿಮಗೆ ಯಾರು ಓದುತ್ತಾರೆ, ನಾನು ಬೇರೆ ಯಾರನ್ನಾದರೂ ಹುಡುಕಿಕೊಡಲೇ ಎಂದು ಕೇಳಿದೆ.

ಅವರು ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ತೆರೆದು, ಒಳಗೆ ತಡಕಾಡಿ ಒಂದು ಪೆಟ್ಟಿಗೆಯನ್ನು ಎಳೆದು ತಂದು ಮೇಜಿನ ಮೇಲಿಟ್ಟರು. ಅದರೊಳಗಿನಿಂದ ಒಂದು ಯಂತ್ರ ಹೊರಗೆ ಬಂತು. ನಾನು ಓದಬೇಕಿದ್ದ ಪುಟವನ್ನು ಅದರ ಕೆಳಗಿಟ್ಟು ಗುಂಡಿ ಒತ್ತಿದರು. ಒಂದು ಹೆಣ್ಣು ದನಿ ಸ್ವಚ್ಛವಾದ ಡಚ್ಚಿನಲ್ಲಿ, ಎಲ್ಲೂ ಎಡವದೆ, ಖೆರಿಟ್‌ನ ಕೊನೆಯ ಚಳಿಗಾಲವನ್ನು ಓದತೊಡಗಿತು.

ಇದು ಯಾವಾಗಿನಿಂದ ಮನೆಯಲ್ಲಿದೆ ಎಂದು ಕೇಳಿದೆ. ಕಣ್ಣು ಮಂಜಾಗಲು ಶುರುವಾದಾಗಲೇ ಮಗ ತಂದುಕೊಟ್ಟದ್ದು, ಚೆನ್ನಾಗಿ ಓದುತ್ತದೆ, ನೀನು ಬರುವುದಕ್ಕೆ ಮುಂಚೆ ಇದೇ ಓದುತ್ತಿತ್ತು ಎಂದರು.

"ಮತ್ತೆ ವರ್ಷವಿಡೀ ನನ್ನ ಕೈಲಿ ಯಾಕೆ ಓದಿಸಿದಿರಿ?"

ಟ್ರೂಸಮ್ಮ ಗುಂಡಿ ಒತ್ತಿ ಯಂತ್ರದ ಬಾಯಿ ಮುಚ್ಚಿಸಿದರು.

"ಕೆಲಸ ಹುಡುಕ್ತಾ ಇದ್ದದ್ದು ಈ ಯಂತ್ರ ಅಲ್ಲವಲ್ಲ," ಎಂದರು.